ಎಲ್ಕ್, ಬೇಲಿ, ಮತ್ತೆ ನಿಮ್ಮದೊಂದು ಪುಟ: ರಾಕಿ ಮೌಂಟನ್ ಉದ್ಯಾನದ ಯೋಜನೆಗೆ ಅಭಿಪ್ರಾಯ ಬರೆಯುವುದು ಹೇಗೆ?

ಕೊಲೊರಾಡೊದ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಬಂದವರು ಎರಡು ಪ್ರಶ್ನೆ ಕೇಳುತ್ತಲೇ ಇರುತ್ತಾರೆ. ಅಷ್ಟು ಚೆಂದದ ಬಯಲಿನ ನಡುವೆ ಆ ಎತ್ತರದ ಬೇಲಿ ಯಾಕೆ ಹಾಕಿದ್ದಾರೆ? ಇದು ಮೊದಲನೆಯದು. ಎರಡನೆಯದನ್ನು ಸ್ವಲ್ಪ ದನಿ ತಗ್ಗಿಸಿ ಕೇಳುತ್ತಾರೆ: ಎಲ್ಕ್ ಅನ್ನುವ ಆ ದೊಡ್ಡ ಜಿಂಕೆಗಳಿಗೆ ಗುಂಡು ಹೊಡೆಯುತ್ತಾರಂತಲ್ಲ, ನಮ್ಮಂಥ ವೀಸಾದವರು ಅದರ ಬಗ್ಗೆ ಏನಾದರೂ ಹೇಳಬಹುದಾ?

ಹೇಳಬಹುದು. ಉದ್ಯಾನ ಇಂಥ ಯೋಜನೆ ಮಾಡುವಾಗ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಅದಕ್ಕೆ ಬರೆಯಲು ಅಮೆರಿಕದ ಪ್ರಜೆ ಆಗಿರಬೇಕು ಅಂತಿಲ್ಲ. ಗ್ರೀನ್ ಕಾರ್ಡ್ ಬೇಕಿಲ್ಲ. ಎಚ್1ಬಿಯವರು, ಓದಲು ಬಂದವರು, ಮಗಳ ಮನೆಗೆ ಆರು ತಿಂಗಳಿಗೆ ಬಂದ ಅಪ್ಪ ಅಮ್ಮ, ಹುಬ್ಬಳ್ಳಿಯಲ್ಲೇ ಕೂತವರು ಕೂಡ ಬರೆಯಬಹುದು. ಇದು ಮತದಾನ ಅಲ್ಲ. ಮತದಾನ ಅಲ್ಲ ಅನ್ನುವ ಮಾತನ್ನು ಸ್ವಲ್ಪ ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗಲೇ ಇದನ್ನು ಬರೆಯಲು ಒಂದು ಕಾರಣ ಇದೆ. ಉದ್ಯಾನದ ಈಗಿನ ಎಲ್ಕ್ ಮತ್ತು ಸಸ್ಯವರ್ಗ ನಿರ್ವಹಣಾ ಯೋಜನೆ 2008ರಲ್ಲಿ ಜಾರಿಗೆ ಬಂತು. ಅದು 20 ವರ್ಷದ ಯೋಜನೆ. ಲೆಕ್ಕ ನೀವೇ ಹಾಕಿ, ಮುಂದಿನ ಯೋಜನೆಯ ಹೊತ್ತು ದೂರವಿಲ್ಲ.

ಮೊದಲು ಹಿನ್ನೆಲೆ

ಎಲ್ಕ್ ನಮ್ಮ ಕಡವೆಯ ದಾಯಾದಿ, ಅದಕ್ಕಿಂತ ದೊಡ್ಡದು. ಬೆಳೆದ ಗಂಡು 300 ಕಿಲೋ ದಾಟುತ್ತದೆ. ಹುಡುಕುವಾಗ ಒಂದು ಎಚ್ಚರ: ಯುರೋಪಿನವರು ಎಲ್ಕ್ ಅಂದರೆ ಅದು ಬೇರೆ ಪ್ರಾಣಿ, ಅಮೆರಿಕದಲ್ಲಿ ಅದಕ್ಕೆ ಮೂಸ್ ಅನ್ನುತ್ತಾರೆ.

ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಉದ್ಯಾನದ ಪಕ್ಕದ ಎಸ್ಟೆಸ್ ಕಣಿವೆಯ ಎಲ್ಕ್‌ಗಳು ಬೇಟೆಗೆ ಸಿಕ್ಕಿ ಹೆಚ್ಚುಕಡಿಮೆ ಮುಗಿದೇ ಹೋಗಿದ್ದವು. 1913 ಮತ್ತು 1914ರಲ್ಲಿ ಯೆಲ್ಲೋಸ್ಟೋನ್ ಕಡೆಯಿಂದ 49 ಎಲ್ಕ್ ತಂದು ಬಿಟ್ಟರು. 1915ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. ಅಷ್ಟರಲ್ಲಿ ತೋಳವನ್ನೂ ಗ್ರಿಜ್ಲಿ ಕರಡಿಯನ್ನೂ ಮನುಷ್ಯರು ಇಲ್ಲವಾಗಿಸಿದ್ದರು. ಉದ್ಯಾನದೊಳಗೆ ಬೇಟೆಯೂ ನಿಷಿದ್ಧ. ಹಿಡಿದು ತಿನ್ನುವವರಿಲ್ಲ, ಹೊಡೆಯುವವರೂ ಇಲ್ಲ ಅಂದಮೇಲೆ ಏನಾಗಬೇಕೋ ಅದೇ ಆಯಿತು. 1940ರ ದಶಕದಿಂದ 1968ರವರೆಗೆ ರೇಂಜರ್‌ಗಳೇ ಗುಂಡು ಹೊಡೆದು ಸಂಖ್ಯೆಯನ್ನು ಹಿಡಿತದಲ್ಲಿಟ್ಟಿದ್ದರು. ಆಮೇಲೆ ಪ್ರಕೃತಿಯೇ ನೋಡಿಕೊಳ್ಳಲಿ ಅಂತ ಬಿಟ್ಟರು. 1997ರಿಂದ 2001ರ ನಡುವೆ ಉದ್ಯಾನ ಮತ್ತು ಪಕ್ಕದ ಊರು ಸೇರಿ ಚಳಿಗಾಲದ ಎಣಿಕೆ 2,800ರಿಂದ 3,500ರವರೆಗೆ ಹೋಗಿತ್ತು.

ಪೆಟ್ಟು ಬಿದ್ದದ್ದು ಗಿಡಗಳಿಗೆ. ಆಸ್ಪೆನ್ ಮರ ಹೆಚ್ಚಾಗಿ ಬೇರಿನಿಂದ ಚಿಗುರಿ ಹಬ್ಬುತ್ತದೆ. ಚಿಗುರು ಬಂದ ಹಾಗೇ ಎಲ್ಕ್ ತಿಂದುಬಿಟ್ಟರೆ ಹಳೇ ಮರ ಬಿದ್ದ ಜಾಗಕ್ಕೆ ಹೊಸದು ಬರುವುದಿಲ್ಲ. ತೊರೆ ಬದಿಯ ವಿಲೋ ಪೊದೆಯ ಕಥೆಯೂ ಅದೇ. ವಿಲೋ ಹೋದರೆ ಬೀವರ್ ಹೋಗುತ್ತದೆ. ಬೀವರ್ ಅಂದರೆ ಕೊಂಬೆ, ಕೆಸರು ಸೇರಿಸಿ ತೊರೆಗೆ ಅಡ್ಡ ಕಟ್ಟೆ ಕಟ್ಟುವ ದಪ್ಪ ದಂಶಕ. ಕಟ್ಟೆ ಇಲ್ಲದಿದ್ದರೆ ನೀರು ನಿಲ್ಲುವುದಿಲ್ಲ, ನೆಲದಡಿಯ ನೀರಿನ ಮಟ್ಟ ಇಳಿಯುತ್ತದೆ. ನೆಲ ಒಣಗಿದರೆ ವಿಲೋ ಮತ್ತೆ ಹುಟ್ಟುವುದು ಕಷ್ಟ. ಈ ಸುತ್ತನ್ನು ಒಂದು ಸಲ ಅರ್ಥ ಮಾಡಿಕೊಂಡರೆ ಯೋಜನೆಯ ಅರ್ಧ ಭಾಗ ಓದಿದ ಹಾಗೆ. ಬೇಲಿ ಯಾಕೆ ಅನ್ನುವುದಕ್ಕೂ ಉತ್ತರ ಇದೇ.

ಯೋಜನೆ ಮಾಡುವಾಗ ಐದು ದಾರಿಗಳನ್ನು ಎದುರಿಗಿಟ್ಟಿದ್ದರು. ಈಗಿರುವಂತೆ ಬಿಡುವುದು, ಬೇಗ ಸಂಖ್ಯೆ ಇಳಿಸುವುದು, ನಿಧಾನವಾಗಿ ಇಳಿಸುವುದು, ಹೆಣ್ಣು ಎಲ್ಕ್‌ಗಳಿಗೆ ಗರ್ಭ ನಿಲ್ಲದ ಹಾಗೆ ಮದ್ದು ಕೊಡುವುದು, ತೋಳ ತಂದು ಬಿಡುವುದು. 2006ರ ಕರಡಿನಲ್ಲಿ ಉದ್ಯಾನದ ಒಲವು ಬೇಗ ಇಳಿಸುವ ದಾರಿಯ ಕಡೆ ಇತ್ತು. 2007ರ ಡಿಸೆಂಬರ್‌ನ ಅಂತಿಮ ವರದಿಯಲ್ಲಿ ಅದು ನಿಧಾನದ ದಾರಿಗೆ ತಿರುಗಿತ್ತು. ಎರಡರ ನಡುವೆ ನಡೆದದ್ದು ಸಾರ್ವಜನಿಕರು ಮತ್ತು ಬೇರೆ ಇಲಾಖೆಗಳು ಅಭಿಪ್ರಾಯ ಕೊಟ್ಟದ್ದು. 2008ರ ಫೆಬ್ರವರಿಯಲ್ಲಿ ನಿರ್ಣಯಕ್ಕೆ ಸಹಿ ಬಿತ್ತು. ಗುರಿ 1,600ರಿಂದ 2,100 ಎಲ್ಕ್. ಸಾಧನಗಳು ಬೇಲಿ, ಬೆದರಿಸಿ ಓಡಿಸುವುದು, ಬೇಕಾದ ವರ್ಷ ಆಯ್ದು ಕೊಲ್ಲುವುದು. ಬೇಲಿಗೆ ಮಿತಿ ಸುಮಾರು 600 ಎಕರೆ.

ಏನೇನು ಬೇಕು?

ಇಂಟರ್‌ನೆಟ್, ಎರಡು ಸಂಜೆ, ಸಾಧಾರಣ ಇಂಗ್ಲಿಷ್. ವ್ಯಾಕರಣ ತಪ್ಪಾದರೆ ಯಾರೂ ಅಂಕ ಕಳೆಯುವುದಿಲ್ಲ. ಉದ್ಯಾನಕ್ಕೆ ಹೋಗಿದ್ದಾಗ ತೆಗೆದ ಫೋಟೋ ಇದ್ದರೆ ಹುಡುಕಿಟ್ಟುಕೊಳ್ಳಿ. ಹಿಂದೆ ಜಿಂಕೆ, ಮುಂದೆ ನೀವು ಇರುವ ಫೋಟೋ ಆದರೂ ಸರಿ. ತಾರೀಖು, ಜಾಗ ಗೊತ್ತಾದರೆ ಸಾಕು.

1. ಯಾರ ಜಾಗ ಅಂತ ಗುರುತಿಸಿ

ಇಲ್ಲೇ ಜಾಸ್ತಿ ಜನ ಎಡವುವುದು. ಎಸ್ಟೆಸ್ ಪಾರ್ಕ್ ಅನ್ನುವುದು ಉದ್ಯಾನ ಅಲ್ಲ, ಉದ್ಯಾನದ ಬಾಗಿಲಲ್ಲಿರುವ ಊರಿನ ಹೆಸರು. ಗಾಲ್ಫ್ ಮೈದಾನದಲ್ಲಿ ಮಲಗಿದ ಎಲ್ಕ್ ಫೋಟೋ ನೋಡಿರುತ್ತೀರಿ, ಅದು ಈ ಊರಿನದ್ದು. ಉದ್ಯಾನದ ಗಡಿಯೊಳಗೆ ಎಲ್ಕ್ ಇದ್ದರೆ ಹೊಣೆ ಕೇಂದ್ರ ಸರ್ಕಾರದ ನ್ಯಾಷನಲ್ ಪಾರ್ಕ್ ಸರ್ವಿಸ್‌ನದು. ಅದೇ ಎಲ್ಕ್ ರಸ್ತೆ ದಾಟಿ ಆಚೆ ಹೋದರೆ ಕೊಲೊರಾಡೊ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಅನ್ನುವ ರಾಜ್ಯ ಇಲಾಖೆಯದು. ಅಲ್ಲಿ ಲೈಸೆನ್ಸ್ ಇಟ್ಟುಕೊಂಡು ಬೇಟೆಯಾಡಬಹುದು. ಸುತ್ತಲಿನ ಕಾಡಿನ ದೊಡ್ಡ ಪಾಲು ಫಾರೆಸ್ಟ್ ಸರ್ವಿಸ್‌ನದು. ಅದು ಮೂರನೇ ಬಾಗಿಲು.

ಹಾಗಾಗಿ "ಊರೊಳಗೆ ಎಲ್ಕ್ ನುಗ್ಗುತ್ತದೆ, ನಮ್ಮ ಗುಲಾಬಿ ತಿಂದಿತು" ಅನ್ನುವ ದೂರನ್ನು ಉದ್ಯಾನಕ್ಕೆ ಬರೆದರೆ ಅದು ಸುಮ್ನೆ ಫೈಲಿನಲ್ಲಿ ಕೂರುತ್ತದೆ.

ಇನ್ನೊಂದು ಮಾತು. ಒಂದು ಉದ್ಯಾನದ ನಿಯಮ ಇನ್ನೊಂದಕ್ಕೆ ಹೊಂದುವುದಿಲ್ಲ. ವಯೋಮಿಂಗ್‌ನ ಗ್ರ್ಯಾಂಡ್ ಟೀಟನ್‌ನಲ್ಲಿ 1950ರ ಕಾನೂನು ಎಲ್ಕ್ ಕಡಿತಕ್ಕೆ ಲೈಸೆನ್ಸ್ ಇರುವ ಬೇಟೆಗಾರರನ್ನೇ ಬಳಸಲು ಬಿಟ್ಟಿದೆ. ರಾಕಿ ಮೌಂಟನ್‌ನಲ್ಲಿ 1929ರ ಕಾನೂನು ಬೇಟೆಯನ್ನೇ ನಿಷೇಧಿಸಿದೆ. ಕ್ಯಾಲಿಫೋರ್ನಿಯಾದ ಪಾಯಿಂಟ್ ರೇಯಸ್‌ನಲ್ಲಿ ಜಗಳದ ದಿಕ್ಕೇ ಬೇರೆ. ಅಲ್ಲಿ ಟುಲೆ ಎಲ್ಕ್ ಅನ್ನುವ ಸಣ್ಣ ಬಗೆಯನ್ನು 1978ರಲ್ಲಿ ಟೊಮಾಲೆಸ್ ಪಾಯಿಂಟ್‌ಗೆ ತಂದು ಬೇಲಿಯೊಳಗೆ ಬಿಟ್ಟಿದ್ದರು. ಬರಗಾಲದಲ್ಲಿ ನೂರಾರು ಸತ್ತವು. ಬೇಲಿ ತೆಗೆಯಿರಿ ಅಂತ ಜನ ವರ್ಷಗಟ್ಟಲೆ ಬರೆದರು, 2024ರ ಕೊನೆಗೆ ತೆಗೆಯುವ ನಿರ್ಣಯ ಬಂತು. ಬೇ ಏರಿಯಾದ ಓದುಗರೇ, ಅಲ್ಲಿಯ ವಾದವನ್ನು ಎತ್ತಿ ಕೊಲೊರಾಡೊಗೆ ಅಂಟಿಸಬೇಡಿ. ಒಂದು ಕಡೆ ಬೇಲಿ ಹಾಕಿದ್ದು ಪ್ರಾಣಿ ಹೊರಗೆ ಹೋಗದ ಹಾಗೆ, ಇನ್ನೊಂದು ಕಡೆ ಗಿಡದ ಹತ್ತಿರ ಬರದ ಹಾಗೆ.

2. ಯೋಜನೆ ಯಾವ ಘಟ್ಟದಲ್ಲಿದೆ ನೋಡಿ

ಈ ಇಡೀ ವ್ಯವಹಾರಕ್ಕೆ ಬುನಾದಿ ನೀಪಾ ಅನ್ನುವ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆ. 1970ರ ಜನವರಿ 1ರಂದು ಸಹಿ ಆದದ್ದು. ಕೇಂದ್ರ ಸರ್ಕಾರದ ಇಲಾಖೆ ಪರಿಸರಕ್ಕೆ ದೊಡ್ಡ ಪರಿಣಾಮ ಆಗುವ ಕೆಲಸಕ್ಕೆ ಕೈ ಹಾಕುವ ಮೊದಲು ಪರಿಣಾಮ ಏನು, ಬೇರೆ ದಾರಿ ಏನಿದೆ ಅಂತ ಬರೆದು ತೋರಿಸಬೇಕು ಅನ್ನುತ್ತದೆ ಅದು. ನೆನಪಿಡಿ, ಬರೆದು ತೋರಿಸಬೇಕು ಅಷ್ಟೇ. ಒಳ್ಳೆಯ ದಾರಿಯನ್ನೇ ಆರಿಸಬೇಕು ಅಂತ ಕಾಯ್ದೆ ಹೇಳುವುದಿಲ್ಲ.

ಕೆಲವು ಪದ ಗೊತ್ತಿದ್ದರೆ ಕೆಲಸ ಸಲೀಸು.

ಸ್ಕೋಪಿಂಗ್: ಎಲ್ಲಕ್ಕಿಂತ ಮೊದಲ ಸುತ್ತು. ಯಾವ ವಿಷಯಗಳನ್ನು ಪರಿಶೀಲಿಸಬೇಕು, ಯಾವ ದಾರಿಗಳನ್ನು ಪಟ್ಟಿಗೆ ಸೇರಿಸಬೇಕು ಅಂತ ಕೇಳುವುದು.

ಇಐಎಸ್: ಪೂರ್ತಿ ಪರಿಸರ ಪರಿಣಾಮ ವರದಿ. 2008ರ ಯೋಜನೆಗೆ ಮಾಡಿದ್ದು ಇದನ್ನೇ. ಇದರ ಕೊನೆಗೆ ಬರುವುದು ನಿರ್ಣಯದ ದಾಖಲೆ, ರೆಕಾರ್ಡ್ ಆಫ್ ಡಿಸಿಷನ್.

ಇಎ: ಚಿಕ್ಕ ವರದಿ. ದೊಡ್ಡ ಪರಿಣಾಮ ಇಲ್ಲ ಅಂತ ಕಂಡರೆ ಫಾನ್ಸಿ ಅನ್ನುವ ಪತ್ರದಿಂದ ಮುಗಿಯುತ್ತದೆ.

ಫೆಡರಲ್ ರಿಜಿಸ್ಟರ್: ನಮ್ಮ ರಾಜ್ಯಪತ್ರದ ಹಾಗೆ, ಸರ್ಕಾರದ ಸೂಚನೆಗಳು ಅಚ್ಚಾಗುವ ಜಾಗ.

ಬರೆಯಲು ಒಂದೇ ಸಲ ಅವಕಾಶ ಅಂದರೆ ಯಾವಾಗ ಬರೆಯಲಿ ಅಂತ ಕೇಳಿದರೆ ನಾನು ಸ್ಕೋಪಿಂಗ್ ಅನ್ನುತ್ತೇನೆ. ಆಗಿನ್ನೂ ಕಾಗದ ಖಾಲಿ ಇರುತ್ತದೆ. ನೀವು ಹೇಳಿದ ದಾರಿ ಪಟ್ಟಿಯೊಳಗೆ ಹೋದರೆ ಅದನ್ನು ಪರಿಶೀಲಿಸಲೇಬೇಕು, ಬಿಟ್ಟರೆ ಯಾಕೆ ಬಿಟ್ಟೆವು ಅಂತ ಬರೆಯಬೇಕು. ಆದರೆ ಜನ ಬರುವುದು ಯಾವಾಗ? ಪತ್ರಿಕೆಯಲ್ಲಿ "ಎಲ್ಕ್ ಕೊಲ್ಲಲು ನಿರ್ಧಾರ" ಅಂತ ತಲೆಬರಹ ಬಂದ ಮೇಲೆ. ಅಷ್ಟು ಹೊತ್ತಿಗೆ ಊಟ ಬಡಿಸಿ ಆಗಿರುತ್ತದೆ, ಮೆನು ಬದಲಿಸಿ ಅಂದರೆ ಕಷ್ಟ.

ಎಚ್ಚರಿಕೆ: ಹಳೇ ಲೇಖನಗಳಲ್ಲಿ ಕರಡು ಇಐಎಸ್‌ಗೆ ಕಡೇಪಕ್ಷ 45 ದಿನ ಸಿಗುತ್ತದೆ ಅಂತ ಓದಿರುತ್ತೀರಿ. ಹಿಂದೆ ಇದ್ದ ಲೆಕ್ಕ ಅದು. 2023ರಲ್ಲಿ ವರದಿಯ ಪುಟಕ್ಕೂ ಸಮಯಕ್ಕೂ ಕಾನೂನಿನಲ್ಲೇ ಮಿತಿ ಬಂತು: ಇಐಎಸ್ ಎರಡು ವರ್ಷದೊಳಗೆ, ಇಎ ಒಂದು ವರ್ಷದೊಳಗೆ. 2025ರಲ್ಲಿ ಎಲ್ಲ ಇಲಾಖೆಗೂ ಸಾಮಾನ್ಯವಾಗಿದ್ದ ನೀಪಾ ನಿಯಮಾವಳಿಯೇ ರದ್ದಾಯಿತು. ಈಗ ಪ್ರತಿ ಇಲಾಖೆ ತನ್ನದೇ ಕ್ರಮ ಅನುಸರಿಸುತ್ತದೆ. ಕರಡು ಬರುತ್ತದೆ, ಆಗ ನೋಡೋಣ ಅಂತ ಕಾಯಬೇಡಿ. ಮೊದಲ ಸೂಚನೆ ಬಂದಾಗಲೇ ಬರೆಯಿರಿ. ದಿನ ಎಷ್ಟು ಅನ್ನುವುದಕ್ಕೆ ಆ ಯೋಜನೆಯ ಪುಟದಲ್ಲಿರುವ ತಾರೀಖನ್ನು ಮಾತ್ರ ನಂಬಿ.

3. ದಾಖಲೆ ತೆಗೆಯಿರಿ, ಪೂರ್ತಿ ಓದಬೇಡಿ

ಪಾರ್ಕ್ ಸರ್ವಿಸ್‌ನ ಯೋಜನೆಗಳೆಲ್ಲ ಸಿಗುವುದು ಪೆಪ್ಸಿ ಅಂತ ಕರೆಯುವ ಜಾಲತಾಣದಲ್ಲಿ. ತಂಪು ಪಾನೀಯ ಅಲ್ಲ, ಪ್ಲಾನಿಂಗ್, ಎನ್ವಿರಾನ್‌ಮೆಂಟ್ ಅಂಡ್ ಪಬ್ಲಿಕ್ ಕಾಮೆಂಟ್ ಅನ್ನುವುದರ ಚಿಕ್ಕ ರೂಪ. ವಿಳಾಸ ಪಾರ್ಕ್‌ಪ್ಲಾನಿಂಗ್ ಡಾಟ್ ಎನ್‌ಪಿಎಸ್ ಡಾಟ್ ಗವ್. ಅಲ್ಲಿ ಉದ್ಯಾನದ ಹೆಸರು ಆರಿಸಿ, ಅಭಿಪ್ರಾಯಕ್ಕೆ ತೆರೆದಿರುವ ದಾಖಲೆಗಳ ಪಟ್ಟಿ ನೋಡಿ. ಉದ್ಯಾನದ ಸುದ್ದಿ ಪತ್ರಕ್ಕೆ ಇಮೇಲ್ ಕೊಟ್ಟಿಟ್ಟರೆ ಸೂಚನೆ ತಪ್ಪಿಹೋಗುವುದಿಲ್ಲ.

ದಾಖಲೆ ದೊಡ್ಡದಿರುತ್ತದೆ. ಮೂರು ಕಡೆ ಓದಿ: ಶುರುವಿನ ಸಾರಾಂಶ, ಪರ್ಯಾಯಗಳ ಅಧ್ಯಾಯ, ಪರ್ಯಾಯಗಳನ್ನು ಪಕ್ಕಪಕ್ಕ ಇಟ್ಟ ಕೋಷ್ಟಕ. ಪರ್ಯಾಯ ಅಂದರೆ ಇಲ್ಲಿ ಒಂದೊಂದು ದಾರಿ. ಇದರ ಜೊತೆ "ಪರಿಶೀಲಿಸಿ ಕೈಬಿಟ್ಟ ಪರ್ಯಾಯಗಳು" ಅನ್ನುವ ಸಣ್ಣ ಭಾಗ ಇರುತ್ತದೆ. ಅದನ್ನು ಬಿಡಬೇಡಿ. ನಿಮ್ಮ ತಲೆಯಲ್ಲಿರುವ ಐಡಿಯಾಕ್ಕೆ ಅವರು ಈಗಾಗಲೇ ಉತ್ತರ ಕೊಟ್ಟಿರಬಹುದು. ಆ ಉತ್ತರದಲ್ಲಿ ತೂತು ಕಂಡರೆ ನಿಮ್ಮ ಪತ್ರಕ್ಕೆ ವಿಷಯ ಸಿಕ್ಕಿತು ಅಂತಲೇ ಅರ್ಥ.

ಈಗಿನಿಂದಲೇ ತಯಾರಿ ಮಾಡುವವರು 2008ರ ಯೋಜನೆಯನ್ನೇ ತೆಗೆದು ಓದಿ. ಗುರಿ ಏನಿಟ್ಟಿದ್ದರು, ಆದದ್ದೇನು ಅಂತ ಪಕ್ಕಪಕ್ಕ ಬರೆದುಕೊಳ್ಳಿ. ಇತ್ತೀಚಿನ ವರ್ಷಗಳಲ್ಲಿ ಚಳಿಗಾಲ ಕಳೆಯಲು ಜಾಸ್ತಿ ಎಲ್ಕ್‌ಗಳು ಉದ್ಯಾನ ಬಿಟ್ಟು ಕೆಳಗಿನ ಊರುಗಳ ಕಡೆ ಹೋಗುತ್ತಿವೆ. ಹಾಗಾದರೆ ಹಳೇ ಗುರಿಯ ಸಂಖ್ಯೆ ಇನ್ನೂ ಸರಿ ಇದೆಯಾ? ಒಳ್ಳೆ ಪ್ರಶ್ನೆ ಅಲ್ವಾ?

4. ಬರೆಯಿರಿ

ಈ ಹಂತಕ್ಕೆ ಒಂದು ಸಂಜೆ ಪೂರ್ತಿ ಇಡಿ.

ನಾನು ಮೊದಲ ಸಲ ಇಂಥದ್ದೊಂದು ಯೋಜನೆಗೆ ಬರೆದಾಗ ಮೂರೇ ಸಾಲು ಬರೆದಿದ್ದೆ. ಪಾಪದ ಪ್ರಾಣಿಗಳನ್ನು ಕೊಲ್ಲಬೇಡಿ, ಬೇರೆ ದಾರಿ ಹುಡುಕಿ, ಧನ್ಯವಾದ. ಕಳಿಸಿ ಬೀಗಿದೆ. ಅಂತಿಮ ವರದಿಯಲ್ಲಿ ನನ್ನ ಸಾಲುಗಳು "ಪ್ರಾಣಿ ಕೊಲ್ಲುವುದನ್ನು ವಿರೋಧಿಸಿದವರು" ಅನ್ನುವ ಒಂದು ರಾಶಿಯಲ್ಲಿ ಕರಗಿಹೋಗಿದ್ದವು. ತಪ್ಪು ಅವರದಲ್ಲ. ಉತ್ತರ ಕೊಡಬೇಕಾದ ಯಾವ ಪ್ರಶ್ನೆಯನ್ನೂ ನಾನು ಕೇಳಿರಲಿಲ್ಲ.

ಪಾರ್ಕ್ ಸರ್ವಿಸ್ ಅಭಿಪ್ರಾಯಗಳನ್ನು ಎರಡಾಗಿ ವಿಂಗಡಿಸುತ್ತದೆ. ಒಂದು, ಬರೀ ಪರ ಅಥವಾ ವಿರೋಧ ಹೇಳುವುದು. ಇನ್ನೊಂದಕ್ಕೆ ಸಬ್‌ಸ್ಟಾಂಟಿವ್ ಅನ್ನುತ್ತಾರೆ, ನಾವು ತಿರುಳಿರುವ ಅಭಿಪ್ರಾಯ ಅನ್ನೋಣ. ಮಾಹಿತಿ ತಪ್ಪಿದೆ ಅಂತ ಆಧಾರ ಕೊಟ್ಟು ಹೇಳಿದರೆ ಅದು ತಿರುಳು. ಪರಿಶೀಲನೆ ಸಾಲದು ಅಂತ ತೋರಿಸಿದರೆ ತಿರುಳು. ಮಾಡಬಹುದಾದ ಹೊಸ ದಾರಿ ಸೂಚಿಸಿದರೆ, ಪ್ರಸ್ತಾವವನ್ನೇ ತಿದ್ದಬೇಕಾಗುವಂಥ ಮಾತು ಹೇಳಿದರೆ ಅದೂ ತಿರುಳು. ಇಂಥ ಒಂದು ಪತ್ರ ಬಂದರೂ ಅದನ್ನು ಎತ್ತಿ ನೋಡಬೇಕಾಗುತ್ತದೆ. ಸಾವಿರ ಜನ ಒಂದೇ ಸಾಲು ಬರೆದರೂ ಅದು ಒಂದೇ ಅಂಶ. ಮತದಾನ ಅಲ್ಲ ಅಂದೆನಲ್ಲ, ಇದೇ ಅದರ ಅರ್ಥ.

ಒಂದು ಮಾದರಿ ನೋಡಿ. ಇದು ಉದಾಹರಣೆಗೆ ಕಟ್ಟಿದ್ದು, ಕಳಿಸುವುದನ್ನು ನೀವು ಕಂಡದ್ದರಿಂದ ಇಂಗ್ಲಿಷಿನಲ್ಲಿ ಬರೆಯಿರಿ.

"ನಾನು ನಾಲ್ಕು ವರ್ಷದಿಂದ ಪ್ರತಿ ಅಕ್ಟೋಬರ್‌ನಲ್ಲಿ ಅಪ್ಪರ್ ಬೀವರ್ ಮೆಡೋಸ್‌ಗೆ ಬರುತ್ತಿದ್ದೇನೆ. ಬೇಲಿಯ ಒಳಗಿನ ಆಸ್ಪೆನ್ ಚಿಗುರು ಈಗ ನನ್ನ ತಲೆಯ ಮಟ್ಟಕ್ಕಿದೆ. ಹೊರಗಿನದು ಮೊಣಕಾಲು ದಾಟಿಲ್ಲ. ಒಂದೇ ಜಾಗದ ನಾಲ್ಕು ಫೋಟೋಗಳ ತಾರೀಖು ಕೆಳಗೆ ಕೊಟ್ಟಿದ್ದೇನೆ. ನನ್ನ ಪ್ರಶ್ನೆಗಳು: ಬೇಲಿ ತೆಗೆಯುವುದಕ್ಕೆ ಅಳತೆ ಏನು? ಚಿಗುರು ಎಷ್ಟು ಎತ್ತರವಾದರೆ, ಎಷ್ಟು ಕಾಂಡ ಇದ್ದರೆ ತೆಗೆಯುತ್ತೀರಿ? ತೆಗೆದ ಮೇಲೆ ಎಷ್ಟು ವರ್ಷ ಅಳೆಯುತ್ತೀರಿ? ವಿಲೋ ತಿನ್ನುವುದರಲ್ಲಿ ಮೂಸ್‌ನ ಪಾಲೆಷ್ಟು, ಎಲ್ಕ್‌ನ ಪಾಲೆಷ್ಟು ಅಂತ ಬೇರೆ ಮಾಡಿ ನೋಡಿದ್ದೀರಾ? ಇಲ್ಲದಿದ್ದರೆ ಎಲ್ಕ್ ಸಂಖ್ಯೆ ಇಳಿಸಿದರೆ ವಿಲೋ ಬರುತ್ತದೆ ಅನ್ನುವ ಲೆಕ್ಕ ಕವುನೀಚಿ ಕಣಿವೆಗೆ ಹೇಗೆ ಹೊಂದುತ್ತದೆ?"

ಈ ಕೊನೆಯ ಪ್ರಶ್ನೆ ಸುಮ್ನೆ ಹಾಕಿದ್ದಲ್ಲ. ಉದ್ಯಾನಕ್ಕೆ ವಾಯವ್ಯದಲ್ಲಿರುವ ನಾರ್ತ್ ಪಾರ್ಕ್ ಅನ್ನುವ ಪ್ರದೇಶಕ್ಕೆ 1978–79ರಲ್ಲಿ ರಾಜ್ಯದವರು ಮೂಸ್ ತಂದು ಬಿಟ್ಟರು. ಅವುಗಳ ಸಂತಾನ ಉದ್ಯಾನದೊಳಕ್ಕೂ ಬಂದಿದೆ. ಪಶ್ಚಿಮ ಮಗ್ಗುಲಿನ ಕವುನೀಚಿ ಕಣಿವೆಯಲ್ಲಿ ಮೂಸ್ ವಿಲೋವನ್ನು ಚೆನ್ನಾಗಿಯೇ ಮೇಯುತ್ತದೆ. ಎಲ್ಕ್ ಒಂದನ್ನೇ ಕಟಕಟೆಗೆ ಹತ್ತಿಸಿದರೆ ಚಿತ್ರ ಪೂರ್ತಿ ಆಗುವುದಿಲ್ಲ.

ಬರೆಯುವಾಗ ಬೀಳುವ ಹಳ್ಳಗಳು ಕೆಲವಿವೆ.

ಬೈಗುಳ. ಓದುವವರು ಉದ್ಯಾನದ ಜೀವಶಾಸ್ತ್ರಜ್ಞರು, ಸಂಬಳದ ಜನ. ಅವರಲ್ಲಿ ಹಲವರಿಗೆ ಎಲ್ಕ್ ಅಂದರೆ ನಿಮಗಿಂತ ಪ್ರೀತಿ.

"ಎಲ್ಲ ಎಲ್ಕ್‌ಗಳನ್ನೂ ಬೇರೆ ಕಡೆ ಸಾಗಿಸಿ." ಇದು ತುಂಬಾ ಜನ ಬರೆಯುವ ಸಲಹೆ. ಇಲ್ಲಿಯ ಎಲ್ಕ್ ಮತ್ತು ಜಿಂಕೆಗಳಲ್ಲಿ ಕ್ರಾನಿಕ್ ವೇಸ್ಟಿಂಗ್ ಅನ್ನುವ ರೋಗ ಇದೆ. ಮೆದುಳಿಗೆ ತಗುಲಿ ಪ್ರಾಣಿ ಸೊರಗಿ ಸಾಯುತ್ತದೆ, ಮದ್ದಿಲ್ಲ. ಹಾಗಾಗಿ ಇಲ್ಲಿಂದ ಬೇರೆ ಕಡೆ ಸಾಗಿಸುವುದು ರೋಗವನ್ನೂ ಸಾಗಿಸಿದ ಹಾಗೆ. ಈ ರೋಗದ ಮಾತು ಎತ್ತದೆ ಸಾಗಾಟದ ಸಲಹೆ ಕೊಟ್ಟರೆ ಎರಡು ಸಾಲಿನಲ್ಲಿ ಉತ್ತರ ಬಂದು ಮುಗಿಯುತ್ತದೆ.

"ಗರ್ಭ ನಿಲ್ಲದ ಮದ್ದು ಕೊಡಿ." ಇದು ಅಷ್ಟು ಹಗುರಾದ ಸಲಹೆ ಅಲ್ಲ. ಉದ್ಯಾನ ಇದರ ಮೇಲೆ ಸಂಶೋಧನೆಯನ್ನೂ ಮಾಡಿದೆ. ಆದರೆ ಕಾಡಿನಲ್ಲಿ ಓಡಾಡುವ ಪ್ರಾಣಿಯನ್ನು ಒಂದೊಂದಾಗಿ ಹಿಡಿದು ಮದ್ದು ಕೊಡಬೇಕು. ಎಷ್ಟಕ್ಕೆ, ಎಷ್ಟು ವರ್ಷಕ್ಕೊಮ್ಮೆ, ಯಾರು ಹಿಡಿಯುವುದು ಅನ್ನುವುದನ್ನೂ ಸೇರಿಸಿ ಕೇಳಿ.

ನಕಲು ಪತ್ರ. ಯಾವುದೋ ಸಂಸ್ಥೆ ಕೊಟ್ಟ ಪತ್ರವನ್ನು ಹಾಗೇ ಕಳಿಸಿದರೆ ಸೇರುವುದು ರಾಶಿಗೇ. ಅದರ ವಿಷಯ ಇಷ್ಟವಾದರೆ ಒಂದೇ ಅಂಶ ಆರಿಸಿಕೊಂಡು ನಿಮ್ಮ ಮಾತಿನಲ್ಲಿ ಬರೆಯಿರಿ.

ಉದ್ದ ಒಂದು ಪುಟ ಸಾಕು. ಒಂದೊಂದು ಅಂಶಕ್ಕೆ ಒಂದೊಂದು ಪ್ಯಾರಾ, ಸಾಧ್ಯವಾದರೆ ದಾಖಲೆಯ ಪುಟ ಸಂಖ್ಯೆ. ಯೋಜನೆಯಲ್ಲಿ ನಿಮಗೆ ಒಪ್ಪಿಗೆಯಾದದ್ದು ಇದ್ದರೆ ಅದನ್ನೂ ಕಾರಣ ಕೊಟ್ಟು ಬರೆಯಿರಿ. ಹೊಗಳುವವರು ಬರೆಯುವುದೇ ಇಲ್ಲ, ಹಾಗಾಗಿ ಒಳ್ಳೆಯ ಅಂಶಗಳು ಕೊನೆಗೆ ಉದುರಿಹೋಗುತ್ತವೆ.

5. ಸಲ್ಲಿಸಿ

ಜಾಲತಾಣದ ಪೆಟ್ಟಿಗೆಯಲ್ಲೇ ನೇರವಾಗಿ ಟೈಪ್ ಮಾಡಬೇಡಿ. ಬೇರೆ ಫೈಲಿನಲ್ಲಿ ಬರೆದು ಅಂಟಿಸಿ. ಮಧ್ಯೆ ಪುಟ ಕೈಕೊಟ್ಟರೆ ಒಂದು ಸಂಜೆ ಹೋಯಿತು.

ಕೊನೆಯ ಗಡುವು ಸಾಮಾನ್ಯವಾಗಿ ಮೌಂಟನ್ ಸಮಯದ ರಾತ್ರಿ 11:59. ಕ್ಯಾಲಿಫೋರ್ನಿಯಾದಲ್ಲಿದ್ದರೆ ನಿಮಗೆ 10:59ಕ್ಕೇ ಬಾಗಿಲು ಮುಚ್ಚುತ್ತದೆ. ಬೇಸಿಗೆಯಲ್ಲಿ ಬೆಂಗಳೂರಿನಿಂದ ಕಳಿಸುವವರಿಗೆ ಅದು ಮರುದಿನ ಬೆಳಗ್ಗೆ 11:29.

ಇಮೇಲ್ ಅಥವಾ ಫ್ಯಾಕ್ಸ್ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಜಾಲತಾಣ, ಇಲ್ಲವೇ ಸೂಚನೆಯಲ್ಲಿ ಕೊಟ್ಟ ವಿಳಾಸಕ್ಕೆ ಅಂಚೆ. ಇಷ್ಟೇ ದಾರಿ.

ಕನ್ನಡ ಕೂಟದವರಿಗೆ ಬೇರೆಯಾಗಿ ಹೇಳಬೇಕು. ನಲವತ್ತು ಮನೆಯವರ ಅಭಿಪ್ರಾಯ ಸೇರಿಸಿ ಒಬ್ಬರೇ ಕಳಿಸುತ್ತೇವೆ ಅನ್ನಬೇಡಿ. ಬೇರೆಯವರ ಪರವಾಗಿ ಒಟ್ಟುಗೂಡಿಸಿ ಕಳಿಸಿದ್ದನ್ನು ಪಾರ್ಕ್ ಸರ್ವಿಸ್ ಸ್ವೀಕರಿಸುವುದಿಲ್ಲ ಅಂತ ಸೂಚನೆಯಲ್ಲೇ ಬರೆದಿರುತ್ತದೆ. ಕೂಟದ ಹೆಸರಿನಲ್ಲಿ ಕೂಟದ ನಿಲುವು ಅಂತ ಒಂದು ಪತ್ರ ಕಳಿಸಬಹುದು. ಉಳಿದವರು ಅವರವರದನ್ನು ಅವರವರೇ ಹಾಕಬೇಕು. ಬೇಕಾದರೆ ಒಂದು ಭಾನುವಾರ ಎಲ್ಲರೂ ಲ್ಯಾಪ್‌ಟಾಪ್ ಹಿಡಿದು ಒಂದೇ ಮನೆಯಲ್ಲಿ ಕೂತುಕೊಳ್ಳಿ, ಪುಳಿಯೋಗರೆ ಮಾಡಿಸಿ.

ವೈಯಕ್ತಿಕ ಮಾಹಿತಿ: ನೀವು ಬರೆದದ್ದೆಲ್ಲ, ಹೆಸರು, ವಿಳಾಸ, ಇಮೇಲ್ ಸೇರಿ, ಯಾವಾಗ ಬೇಕಾದರೂ ಸಾರ್ವಜನಿಕ ಆಗಬಹುದು. ಮುಚ್ಚಿಡಿ ಅಂತ ಕೇಳಬಹುದು, ಆದರೆ ಮುಚ್ಚಿಡುತ್ತೇವೆ ಅಂತ ಅವರು ಮಾತು ಕೊಡುವುದಿಲ್ಲ. ಪತ್ರದೊಳಗೆ ಮನೆ ವಿಳಾಸ, ಫೋನ್ ನಂಬರ್, ವೀಸಾ ವಿವರ ಬರೆಯಬೇಡಿ. ಯಾರೂ ಕೇಳಿಲ್ಲ.

6. ಸಭೆಗೆ ಹೋಗುವುದಾದರೆ

ನಮ್ಮ ಊರಿನ ಅಹವಾಲು ಸಭೆಯ ಹಾಗೆ ವೇದಿಕೆ, ಮೈಕು, ಜಿಲ್ಲಾಧಿಕಾರಿ ಅಂತ ಊಹಿಸಿಕೊಂಡು ಹೋಗಬೇಡಿ. ಹಲವು ಸಲ ಗೋಡೆಗೆ ನಕ್ಷೆ ಅಂಟಿಸಿ, ಒಂದೊಂದರ ಪಕ್ಕ ಒಬ್ಬೊಬ್ಬ ಸಿಬ್ಬಂದಿ ನಿಂತಿರುತ್ತಾರೆ. ಈಗೀಗ ಆನ್‌ಲೈನ್ ಸಭೆಗಳೂ ನಡೆಯುತ್ತವೆ. ಪ್ರಶ್ನೆ ಕೇಳಲು ಇದು ಒಳ್ಳೆ ಜಾಗ. ಆದರೆ ನಕ್ಷೆಯ ಪಕ್ಕ ನಿಂತು ಆಡಿದ ಮಾತು ದಾಖಲೆಗೆ ಹೋಯಿತು ಅಂದುಕೊಳ್ಳಬೇಡಿ. ಮನೆಗೆ ಬಂದು ಬರೆದು ಹಾಕಿ.

7. ಆಮೇಲೆ ಏನಾಗುತ್ತದೆ?

ತಿಂಗಳುಗಟ್ಟಲೆ ಏನೂ ಕೇಳಿಸುವುದಿಲ್ಲ. ನಿಮಗೆ ಅಂತ ಪ್ರತ್ಯೇಕ ಉತ್ತರವೂ ಬರುವುದಿಲ್ಲ. ಅಂತಿಮ ದಾಖಲೆ ಬಂದಾಗ ಅದರ ಕೊನೆಯಲ್ಲಿ ಅಭಿಪ್ರಾಯಗಳು ಮತ್ತು ಉತ್ತರಗಳು ಅನ್ನುವ ಭಾಗ ಹುಡುಕಿ. ನಿಮ್ಮ ಹೆಸರು ಹುಡುಕಬೇಡಿ, ನಿಮ್ಮ ಅಂಶ ಹುಡುಕಿ.

ಒಪ್ಪಿಗೆ ಆಗದಿದ್ದರೆ? ಪಾರ್ಕ್ ಸರ್ವಿಸ್‌ನ ಇಂಥ ನಿರ್ಣಯಕ್ಕೆ ಮೇಲಧಿಕಾರಿಗೆ ಮೇಲ್ಮನವಿ ಹಾಕುವ ಬಾಗಿಲು ಇಲ್ಲ. ಉಳಿಯುವುದು ಕೋರ್ಟು. ಅಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, ಈ ವಿಷಯವನ್ನು ಅಭಿಪ್ರಾಯ ಕೇಳಿದಾಗಲೇ ಎತ್ತಿದ್ದಿರಾ ಅನ್ನುವುದು. 2008ರ ನಿರ್ಣಯದ ಮೇಲೆ ವೈಲ್ಡ್‌ಅರ್ತ್ ಗಾರ್ಡಿಯನ್ಸ್ ಅನ್ನುವ ಸಂಸ್ಥೆ ಮೊಕದ್ದಮೆ ಹೂಡಿತು. ತೋಳದ ದಾರಿಯನ್ನು ಸರಿಯಾಗಿ ಪರಿಶೀಲಿಸಲಿಲ್ಲ, ತರಬೇತಿ ಕೊಟ್ಟ ಸ್ವಯಂಸೇವಕರಿಂದ ಎಲ್ಕ್ ಕೊಲ್ಲಿಸುವುದು ಬೇಟೆಯೇ, ಅದಕ್ಕೆ ನಿಷೇಧ ಇದೆ ಅಂತ ವಾದ. 2013ರಲ್ಲಿ ಹತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಪಾರ್ಕ್ ಸರ್ವಿಸ್ ಪರವಾಗಿ ತೀರ್ಪು ಕೊಟ್ಟಿತು.

ತೋಳದ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2020ರ ನವೆಂಬರ್‌ನಲ್ಲಿ ಕೊಲೊರಾಡೊ ಮತದಾರರು ರಾಜ್ಯಕ್ಕೆ ಮತ್ತೆ ತೋಳ ತರಬೇಕು ಅನ್ನುವ ಪ್ರಾಪೊಸಿಷನ್ 114 ಅನ್ನು ಅಲ್ಪ ಅಂತರದಲ್ಲಿ ಗೆಲ್ಲಿಸಿದರು. 2023ರ ಡಿಸೆಂಬರ್‌ನಲ್ಲಿ ಆರೆಗಾನ್‌ನಿಂದ ತಂದ ಹತ್ತು ತೋಳಗಳನ್ನು ಗ್ರ್ಯಾಂಡ್ ಮತ್ತು ಸಮಿಟ್ ಕೌಂಟಿಗಳಲ್ಲಿ ಬಿಟ್ಟರು. ಗ್ರ್ಯಾಂಡ್ ಕೌಂಟಿ ಉದ್ಯಾನದ ಪಶ್ಚಿಮ ಮಗ್ಗುಲಿಗೇ ಇದೆ. ಆ ಮತದಾನದಲ್ಲಿ ನಮ್ಮಂಥವರಿಗೆ ಪಾಲಿರಲಿಲ್ಲ. ಉದ್ಯಾನದ ಮುಂದಿನ ಯೋಜನೆಯಲ್ಲಿ ತೋಳವನ್ನು ಹೇಗೆ ಲೆಕ್ಕಕ್ಕೆ ಹಿಡಿಯುತ್ತೀರಿ ಅಂತ ಕೇಳಲು ಮಾತ್ರ ಯಾರ ತಡೆಯೂ ಇಲ್ಲ.

8. ಬರೆಯುವುದು ಸಾಲದು ಅನ್ನಿಸಿದರೆ

ಸೆಪ್ಟೆಂಬರ್, ಅಕ್ಟೋಬರ್ ಎಲ್ಕ್‌ಗಳ ಬೆದೆಯ ಕಾಲ. ಗಂಡುಗಳು ಕೊಳಲಿನ ಹಾಗೆ ಶುರುವಾಗಿ ಕಿರುಚಾಟದಲ್ಲಿ ಮುಗಿಯುವ ಒಂದು ಕೂಗು ಹಾಕುತ್ತವೆ. ಅದಕ್ಕೆ ಬ್ಯೂಗಲ್ ಅನ್ನುತ್ತಾರೆ. ಕೇಳಲು ಬರುವ ಜನಜಂಗುಳಿಯನ್ನು ಸಂಭಾಳಿಸಲು ಉದ್ಯಾನದಲ್ಲಿ ಸ್ವಯಂಸೇವಕರ ತಂಡವೇ ಇದೆ, ಹೆಸರು ಬ್ಯೂಗಲ್ ಕೋರ್. ಸೇರುವುದಾದರೆ ಹೆಸರು ಕೊಡುವ ಮೊದಲೇ ನಿಮ್ಮ ವೀಸಾ ಯಾವ ಬಗೆಯದು ಅಂತ ಹೇಳಿ ಕೇಳಿ. ಅಭಿಪ್ರಾಯ ಬರೆಯಲು ವೀಸಾ ಅಡ್ಡಿಯಲ್ಲ, ಸ್ವಯಂಸೇವೆಗೆ ನಿಯಮ ಬೇರೆ. ಸಂಬಳ ಇಲ್ಲವಲ್ಲ, ಏನಾಗುತ್ತದೆ ಅಂತ ಸೇರಿಬಿಡಬೇಡಿ.

ಇಲ್ಲದಿದ್ದರೆ ಸುಲಭದ ಕೆಲಸ ಒಂದಿದೆ. ಒಂದು ಬೇಲಿ ಆರಿಸಿಕೊಳ್ಳಿ. ಮೊರೇನ್ ಪಾರ್ಕ್, ಹಾರ್ಸ್‌ಶೂ ಪಾರ್ಕ್, ಅಪ್ಪರ್ ಬೀವರ್ ಮೆಡೋಸ್, ಎಲ್ಲಾದರೂ ಸರಿ. ವರ್ಷಕ್ಕೊಮ್ಮೆ, ಅದೇ ತಿಂಗಳಲ್ಲಿ, ಅದೇ ಕಲ್ಲಿನ ಪಕ್ಕ ನಿಂತು, ಒಳಗೆ ಹೊರಗೆ ಎರಡೂ ಕಾಣುವ ಹಾಗೆ ಫೋಟೋ ತೆಗೆಯಿರಿ. ಬೇಸಿಗೆಯಿಂದ ಅಕ್ಟೋಬರ್ ಮಧ್ಯದವರೆಗೆ ಗಂಟೆ ಲೆಕ್ಕದ ಪ್ರವೇಶಕ್ಕೆ ಮುಂಚೆಯೇ ಬುಕ್ ಮಾಡಬೇಕು. ಬೆದೆಯ ಕಾಲದಲ್ಲಿ ಸಂಜೆಯಿಂದ ಬೆಳಗಿನವರೆಗೆ ಕೆಲವು ಬಯಲುಗಳಿಗೆ ಇಳಿಯುವ ಹಾಗಿಲ್ಲ. ಎಲ್ಕ್‌ನಿಂದ 75 ಅಡಿ, ಮೂಸ್‌ನಿಂದ 120 ಅಡಿ ದೂರ ಇರಿ. ಉದುರಿದ ಕೊಂಬು ಸಿಕ್ಕರೆ ಅಲ್ಲೇ ಬಿಡಿ, ಮನೆಗೆ ತಂದರೆ ಅಪರಾಧ. ಬೇಲಿಗಳಿಗೆ ಜನ ಹೋಗಿ ಬರಲು ಗೇಟು ಇಟ್ಟಿರುತ್ತಾರೆ, ಒಳಗೆ ಹೋಗಿ ನೋಡಬಹುದು. ಬರುವಾಗ ಗೇಟು ಸರಿಯಾಗಿ ಹಾಕಿದೆಯಾ ಅಂತ ಒಮ್ಮೆ ಎಳೆದು ನೋಡಿ.